ಕ್ಷಯ ಪರೀಕ್ಷೆಯ ಚುಚ್ಚು ಏಕೆ ಉಬ್ಬುತ್ತದೆ?

ಕ್ಷಯದ ಸಂಶಯ ಬಂದಾಗ ಮುಂಗೈಯ ಚರ್ಮದಲ್ಲಿ ಟ್ಯೂಬರ್ಕ್ಯುಲಿನ್ ಎಂಬ ದ್ರವ ಚುಚ್ಚಿ, 48ರಿಂದ 72 ಗಂಟೆಯೊಳಗೆ ಆ ಜಾಗ ಎಷ್ಟು ಗಟ್ಟಿಯಾಗಿ ಉಬ್ಬಿದೆಯೆಂದು ಅಳೆಯುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ದನಗಳಿಗೂ ಇಂಥದೇ ಪರೀಕ್ಷೆಯನ್ನು ಕುತ್ತಿಗೆಯ ಚರ್ಮದಲ್ಲಿ ಮಾಡುವುದುಂಟು. ಆ ದ್ರವದಲ್ಲಿ ಜೀವಂತ ರೋಗಾಣು ಒಂದೂ ಇಲ್ಲ, ಅದರ ಪ್ರೋಟೀನಿನ ಅಂಶ ಮಾತ್ರ. ಮತ್ತೆ ಉಬ್ಬುವುದೇಕೆ? ಎರಡು ದಿನ ಕಾಯುವುದೇಕೆ?

ನಮ್ಮ ರಕ್ತದಲ್ಲಿ ಟಿ ಕಣಗಳೆಂಬ ಬಿಳಿಯ ಕಣಗಳಿವೆ. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಬಲಿಯುವುದರಿಂದ ಆ ಹೆಸರು. ರೋಗಾಣುಗಳೊಡನೆ ಹೋರಾಡುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಆದರೆ ಇಡೀ ರೋಗಾಣು ಎದುರಿಗೇ ಇದ್ದರೂ ಇವು ಗುರುತಿಸಲಾರವು! ಬೇರೊಂದು ಕಣ ಅದನ್ನು ನುಂಗಿ, ಒಳಗೆ ತುಂಡರಿಸಿ, ಚೂರನ್ನು ತನ್ನ ಮೈಮೇಲೆ ಇಟ್ಟು ತೋರಿಸಬೇಕು. ಹಾಗೆ ಹಿಡಿದು ತೋರಿಸಲೆಂದೇ ಎಂಎಚ್‌ಸಿ ಎಂಬ ಪ್ರೋಟೀನುಗಳಿವೆ. ಉತ್ತ ಸಾಲಿನಲ್ಲಿ ಬೀಜ ಕೂತಂತೆ ಅವುಗಳ ಸೀಳಿನಲ್ಲಿ ಚೂರು ಕೂರುತ್ತದೆ.

ಇವುಗಳಲ್ಲಿ ಎರಡು ವರ್ಗ. ಮೊದಲನೆಯದು ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲಿದ್ದು, ಒಳಗೆ ವೈರಸ್ ಸೇರಿದೆಯೆಂದು ತಿಳಿಸುತ್ತದೆ. ಕೊಲ್ಲುವ ಟಿ ಕಣಗಳು ಬಂದು ಆ ಕೋಶವನ್ನೇ ನಾಶಮಾಡುತ್ತವೆ. ಎರಡನೆಯದು ಮುಖ್ಯವಾಗಿ ರೋಗಾಣುವನ್ನು ನುಂಗುವ ಭಕ್ಷಕ ಕಣಗಳಂಥವುಗಳಲ್ಲಿದ್ದು, ಸಹಾಯಕ ಟಿ ಕಣಗಳಿಗೆ ಚೂರನ್ನು ತೋರಿಸುತ್ತದೆ. ಕ್ಷಯದಲ್ಲಿ ಇದೇ ಹೆಚ್ಚು ಮುಖ್ಯ. ಏಕೆಂದರೆ ಕ್ಷಯಾಣು ತನ್ನನ್ನು ನುಂಗಿದ ಕಣದೊಳಗೇ ಸಾಯದೆ ಬಾಳಬಲ್ಲದು. ಸಹಾಯಕ ಕಣ ಚೂರನ್ನು ಗುರುತಿಸಿ ಸೂಚನೆ ಕೊಟ್ಟರೆ ಭಕ್ಷಕ ಕಣಕ್ಕೆ ಒಳಗಿನ ವೈರಿಯನ್ನು ಹತ್ತಿಕ್ಕುವ ಬಲ ಹೆಚ್ಚುತ್ತದೆ.

ಚುಚ್ಚಿದಲ್ಲಿ ನಡೆಯುವುದೂ ಇದೇ. ಹಿಂದೆ ಕ್ಷಯಾಣುವನ್ನು ಅರಿತ ಟಿ ಕಣಗಳು ಚೂರನ್ನು ಕಂಡು, ಬೇರೆ ಕಣಗಳನ್ನೂ ಕರೆದು ಗುಂಪುಗೂಡುತ್ತವೆ. ಅದಕ್ಕೆ ಎರಡು ದಿನ ಬೇಕು.

ಈ ಗುಟ್ಟನ್ನು ಬಯಲಿಗೆ ತಂದ ಇಬ್ಬರಲ್ಲಿ ಪೀಟರ್ ಡೊಹರ್ಟಿ ಕಲಿತದ್ದು ಪಶುವೈದ್ಯ ವಿದ್ಯೆ. ದನ ಸಾಕುವ ನಮಗೆ ಇದು ಸಂತೋಷದ ಸಂಗತಿಯೇ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಅವರು ರಾಲ್ಫ್ ಜಿಂಕರ್‌ನಾಗೆಲ್ ಅವರೊಂದಿಗೆ ಇಲಿಗಳ ಮೇಲೆ ಪ್ರಯೋಗ ಮಾಡಿದರು. ವೈರಸ್ ಅದೇ ಆದರೂ, ಎಂಎಚ್‌ಸಿ ಬೇರೆಯಾದರೆ ಟಿ ಕಣಗಳು ಆ ಕೋಶಗಳನ್ನು ಕೊಲ್ಲಲಿಲ್ಲವೆಂದು 1974ರಲ್ಲಿ ಪ್ರಕಟಿಸಿದರು. 1996ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಇನ್ನು ಎಚ್‌ಐವಿ ನಾಶಮಾಡುವುದು ಈ ಸಹಾಯಕ ಕಣಗಳನ್ನೇ. ಅಂಥವರಲ್ಲಿ, ತೀರಾ ಪೌಷ್ಟಿಕತೆ ಕುಂದಿದವರಲ್ಲಿ ಕ್ಷಯವಿದ್ದರೂ ಚುಚ್ಚು ಉಬ್ಬದೆ ಹೋಗಬಹುದು. ಬಿಸಿಜಿ ಹಾಕಿಸಿಕೊಂಡವರಲ್ಲಿ ರೋಗವಿಲ್ಲದೆಯೂ ಉಬ್ಬಬಹುದು. ಆದ್ದರಿಂದಲೇ ವೈದ್ಯರು ಕಫ ಪರೀಕ್ಷೆ, ಎಕ್ಸ್‌ರೇ ಕೇಳುವುದು. ಚುಚ್ಚು ಉಬ್ಬಲಿಲ್ಲವೆಂದು ಅವನ್ನು ಬಿಡಬಾರದು. ರೋಗ ಬಲಿತ ದನದಲ್ಲೂ ಕೆಲವೊಮ್ಮೆ ಉಬ್ಬು ಕಾಣದು. ಪರೀಕ್ಷೆಯಲ್ಲಿ ಪಾಸಾದ ಹಸುವಿನ ಹಾಲನ್ನೂ ಕಾಯಿಸಿಯೇ ಕುಡಿಯೋಣ.