ಫೋನ್ ಕಾಯ್ದರೆ ಕೆಟ್ಟಿತು ಎಂದಲ್ಲ

ಐಫೋನನ್ನು ಎಷ್ಟು ಬಿಸಿಲಿನವರೆಗೆ ಬಳಸಬಹುದು ಎಂಬುದಕ್ಕೆ ಆಪಲ್ ಕಂಪನಿ ಹಾಕಿರುವ ಗೆರೆ 35 ಡಿಗ್ರಿ ಸೆಲ್ಸಿಯಸ್. ಸ್ಯಾಮ್‌ಸಂಗ್ ಹೇಳುವ ಅಂಕಿಯೂ ಅದೇ. ಬಾದಾಮಿಗೂ ಇಳಕಲ್ಲಿಗೂ ನಡುವಿನ ಗುಡೂರಿನಲ್ಲಿ ಮಾರ್ಚ್ ತಿಂಗಳಲ್ಲೇ ಗಾಳಿ ಆ ಗೆರೆ ದಾಟುತ್ತದೆ. ಏಪ್ರಿಲ್, ಮೇ ಬಂತೆಂದರೆ 40ರ ಆಸುಪಾಸಿನಲ್ಲೇ ಇರುತ್ತದೆ. ಆಗ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಕೇಳಿಬರುವ ದೂರು ಒಂದೇ: ‘ಫೋನ್ ಭಾಳ ಕಾಯಾಕತ್ತೈತಿ, ಒಳಗ ಏನೋ ಕೆಟ್ಟೈತಿ.’

ಬಹಳಷ್ಟು ಸಲ ಒಳಗೆ ಏನೂ ಕೆಟ್ಟಿರುವುದಿಲ್ಲ.

ಫೋನಿನಲ್ಲಿ ಬೀಸಣಿಗೆ ಇಲ್ಲ. ಒಳಗಿನ ಚಿಪ್, ಪರದೆ, ಬ್ಯಾಟರಿ ಹುಟ್ಟಿಸುವ ಶಾಖವೆಲ್ಲ ಅದರ ಮೈಯಿಂದಲೇ ಹೊರಗೆ ಹೋಗಬೇಕು. ಶಾಖ ಹರಿಯುವುದು ಹೆಚ್ಚು ಬಿಸಿಯಿಂದ ಕಡಿಮೆ ಬಿಸಿಯ ಕಡೆಗೆ ಮಾತ್ರ, ನೀರು ಇಳಿಜಾರಿಗೆ ಹರಿದಂತೆ. ಕೋಣೆಯಲ್ಲಿ 25 ಡಿಗ್ರಿ ಇದ್ದಾಗ 36 ಡಿಗ್ರಿಯ ಫೋನು ಸಲೀಸಾಗಿ ಶಾಖ ಬಿಟ್ಟುಕೊಡುತ್ತದೆ. ಅದೇ ಫೋನು 41 ಡಿಗ್ರಿಯ ಮಧ್ಯಾಹ್ನ ಅಷ್ಟೇ ಕೆಲಸ ಮಾಡಿದರೂ ಮೊದಲು ತಾನು 41ನ್ನು ದಾಟಬೇಕು. ಆಮೇಲಷ್ಟೇ ಶಾಖ ಹೊರಗೆ ಹರಿಯುತ್ತದೆ. ಮನುಷ್ಯರ ಅಂಗೈ ಸುಮಾರು 33 ಡಿಗ್ರಿ ಇರುವುದರಿಂದ 42ರ ಗಾಜು ಕೈಗೆ ಚುರುಕ್ಕೆನ್ನುತ್ತದೆ. ಲೋಹದ ಮೈಯ ಫೋನು ಇನ್ನೂ ಹೆಚ್ಚು ಸುಡುತ್ತದೆ, ಒಳಗಿನ ಶಾಖವನ್ನು ಅದು ಬೇಗ ಹೊರಗೆ ತರುತ್ತದೆ ಎಂಬ ಕಾರಣಕ್ಕೆ. ಕೈಗೆ ತಣ್ಣಗಿರುವ ಪ್ಲಾಸ್ಟಿಕ್ ಫೋನು ಒಳಗೂ ತಣ್ಣಗಿದೆ ಎಂದು ಹೇಳಲಾಗದು.

ಇನ್ನು ಈ ಭಾಗದ ಬಳಕೆಯ ರೀತಿ ನೋಡಿ. ಗುಣಿಮಗ್ಗದ ಪಕ್ಕ ಗೋಡೆಗೆ ಆನಿಸಿಟ್ಟ ಫೋನು, ಅದರಲ್ಲಿ ಯೂಟ್ಯೂಬಿನ ನಾಟಕದ ಹಾಡು, ಕೆಳಗೆ ಚುಚ್ಚಿದ ಚಾರ್ಜರ್. ಹಿಂದೆ ದಪ್ಪ ರಬ್ಬರ್ ಕವರ್, ಕವರಿನೊಳಗೆ ಎಟಿಎಂ ಕಾರ್ಡು, ಮಡಚಿದ ನೂರರ ನೋಟು, ಒಮ್ಮೊಮ್ಮೆ ದೇವರ ಫೋಟೊ. ಶಾಖ ಹೊರಹೋಗಬೇಕಾದ ಬೆನ್ನಿಗೇ ಹೊದಿಕೆ. ರಿಪೇರಿಗೆ ದುಡ್ಡು ಕೊಡುವ ಮುಂಚೆ ಆ ಕವರ್ ತೆಗೆದು ಒಂದು ತಾಸು ನೋಡುವುದು ಲೇಸು.

ಬಿಸಿಯಾದಾಗ ‘ಹ್ಯಾಂಗ್ ಆಯಿತು’, ‘ಚಾರ್ಜಿಂಗ್ ಪಿನ್ ಹೋಯಿತು’ ಎನ್ನುವವರೂ ಉಂಟು. ವಾಸ್ತವದಲ್ಲಿ ಅದು ಫೋನು ತನ್ನನ್ನು ತಾನು ಕಾಯ್ದುಕೊಳ್ಳುವ ಬಗೆ. ಒಳಗಿನ ಸೆನ್ಸರ್‌ಗಳು ಮಿತಿ ಮೀರಿದ ಉಷ್ಣತೆ ತೋರಿಸಿದೊಡನೆ ಚಿಪ್ಪಿನ ವೇಗ ಇಳಿಯುತ್ತದೆ, ಪರದೆ ಮಂಕಾಗುತ್ತದೆ, ಕ್ಯಾಮೆರಾದ ಫ್ಲ್ಯಾಶ್ ಆಫ್ ಆಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸುಮಾರು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು, ಹಾಗಾಗಿ ಚಾರ್ಜಿಂಗ್ ನಿಧಾನವಾಗುತ್ತದೆ ಅಥವಾ ನಿಂತೇಬಿಡುತ್ತದೆ. ಐಹೊಳೆಯ ದುರ್ಗಾ ಗುಡಿಯ ಮುಂದೆ ನಡುಮಧ್ಯಾಹ್ನ ನಿಂತು ವಿಡಿಯೊ ತೆಗೆಯುವ ಪ್ರವಾಸಿಗರ ಫೋನು ಇದ್ದಕ್ಕಿದ್ದಂತೆ ಕಪ್ಪಾಗುವುದೂ ಇದೇ ಕಾರಣಕ್ಕೆ. ನೆರಳಿಗೆ ಬಂದು ಕಾಲು ಗಂಟೆ ಬಿಟ್ಟರೆ ಸಾಕು. ಅಷ್ಟಕ್ಕೇ ಫಾರ್ಮ್ಯಾಟ್ ಮಾಡಿಸಿ, ಮಗಳ ಮದುವೆಯ ಫೋಟೊ ಕಳೆದುಕೊಳ್ಳುವ ಅಗತ್ಯವಿಲ್ಲ.

ಮತ್ತೊಂದು ಗಟ್ಟಿ ನಂಬಿಕೆ ‘ಕ್ಲಿಯರ್ ಆಲ್’. ತೆರೆದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಒರೆಸಿ ಹಾಕಿದರೆ ಫೋನು ತಂಪಾಗುತ್ತದಂತೆ. 2016ರಲ್ಲಿ ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ, ಹೀಗೆ ಮಾಡಿದರೆ ಬ್ಯಾಟರಿ ಉಳಿಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಆಗ ಆಂಡ್ರಾಯ್ಡ್ ಹೊಣೆ ಹೊತ್ತಿದ್ದ ಹಿರೋಶಿ ಲಾಕ್‌ಹೈಮರ್ ಕೂಡ ಅದನ್ನೇ ಅನುಮೋದಿಸಿದರು. ಪಟ್ಟಿಯಲ್ಲಿ ಕಾಣುವ ಹೆಚ್ಚಿನ ಆ್ಯಪ್‌ಗಳು ಮಲಗಿಯೇ ಇರುತ್ತವೆ. ಅವನ್ನು ಕೊಂದು ಮತ್ತೆ ಮೊದಲಿನಿಂದ ಎಬ್ಬಿಸುವುದಕ್ಕೇ ಹೆಚ್ಚು ಕರೆಂಟು ಬೇಕು. ನಿಜವಾಗಿ ಓಡುತ್ತಿರುವ ಗೇಮ್, ವಿಡಿಯೊ ಕಾಲ್, ಹಾಟ್‌ಸ್ಪಾಟ್ ನಿಲ್ಲಿಸಿದರೆ ಮಾತು ಬೇರೆ. ಇನ್ನು ‘ಕೂಲರ್’ ಎಂದು ಹೆಸರಿಟ್ಟುಕೊಂಡು ಬರುವ ಆ್ಯಪ್‌ಗಳು ಪರದೆಯ ಮೇಲೆ ಮಂಜಿನ ಚಿತ್ರ ತೋರಿಸಿ, ನಡುವೆ ಜಾಹೀರಾತು ಓಡಿಸುತ್ತವೆ. ಆ ಜಾಹೀರಾತಿಗೂ ಬ್ಯಾಟರಿಯೇ ಗತಿ.

ತಂತ್ರಾಂಶದ ದೋಷದಿಂದ ಫೋನು ಕಾಯುವುದೇ ಇಲ್ಲ ಎಂದೇನಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 15 ಪ್ರೊ ಅತಿಯಾಗಿ ಬಿಸಿಯಾದಾಗ, ಐಒಎಸ್ 17ರಲ್ಲಿ ದೋಷವಿದೆ, ಇನ್‌ಸ್ಟಾಗ್ರಾಂ, ಉಬರ್‌ನಂಥ ಕೆಲವು ಆ್ಯಪ್‌ಗಳೂ ಕಾರಣ ಎಂದು ಆಪಲ್ ಒಪ್ಪಿಕೊಂಡು, ಅಕ್ಟೋಬರ್ ಮೊದಲ ವಾರವೇ ಅಪ್‌ಡೇಟ್ ಕೊಟ್ಟಿತು. ಬೆಳಗಿನ ತಂಪಿನಲ್ಲಿ, ಸುಮ್ಮನೆ ಜೇಬಿನಲ್ಲಿರುವಾಗಲೂ ಫೋನು ಕಾಯುತ್ತಿದ್ದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟ ತೆರೆದು ಯಾವ ಆ್ಯಪ್ ಹೆಚ್ಚು ತಿನ್ನುತ್ತಿದೆ ಎಂದು ನೋಡಬೇಕು. ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಹೀಗಾಗುತ್ತದೆ. ಟವರ್ ದೂರವಾದಷ್ಟೂ ಫೋನು ಜೋರಾಗಿ ಕೂಗಬೇಕು, ಆ ಕೂಗಿಗೆ ಬ್ಯಾಟರಿ ಖರ್ಚು. ಗುಡ್ಡದ ಮರೆಯ ಹಾದಿಯಲ್ಲಿ ಏರೋಪ್ಲೇನ್ ಮೋಡ್ ಹಾಕಿದರೆ ಇದು ತಪ್ಪುತ್ತದೆ.

ಫ್ರಿಜ್ಜಿನಲ್ಲಿಡುವ ಚಿಕಿತ್ಸೆಯಂತೂ ಬೇಡವೇ ಬೇಡ. ‘ನಮ್ಮ ಕಡೆ ಒಣ ಗಾಳಿ, ತೇವ ಎಲ್ಲಿಂದ ಬರಬೇಕು’ ಎಂಬ ವಾದ ಕೇಳಲು ಸರಿ ಎನಿಸುತ್ತದೆ. ಆದರೆ 40 ಡಿಗ್ರಿಯಲ್ಲಿ ತೇವಾಂಶ ಬರೀ ಶೇ 20 ಇದ್ದರೂ 12 ಡಿಗ್ರಿಗಿಂತ ತಣ್ಣಗಿರುವ ವಸ್ತುವಿನ ಮೇಲೆ ಇಬ್ಬನಿ ಕೂರುತ್ತದೆ. ಫ್ರಿಜ್ಜಿನೊಳಗೆ ಇರುವುದು ನಾಲ್ಕೈದು ಡಿಗ್ರಿ. ಹೊರಗೆ ತೆಗೆದ ಫೋನಿನ ಒಳಗೇ ಹನಿ ಕಟ್ಟುತ್ತದೆ, ಸರ್ಕ್ಯೂಟ್ ಬೋರ್ಡಿಗೆ ಅದು ಬಿಸಿಗಿಂತ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಸುತ್ತುವುದಕ್ಕೂ ಇದೇ ಆಕ್ಷೇಪ. ಉತ್ತಮ ತಂಪುಪೆಟ್ಟಿಗೆ ಮನೆಯಲ್ಲೇ ಇದೆ: ನೆರಳಿನ ಪರಸಿಗಲ್ಲಿನ ನೆಲ, ಇಲ್ಲವೇ ಇಳಕಲ್ಲಿನ ಗ್ರಾನೈಟ್ ಹಾಸು. ಚಾರ್ಜರ್ ಕಿತ್ತು, ಕವರ್ ಕಳಚಿ, ಬೆನ್ನು ನೆಲಕ್ಕೆ ತಾಗುವಂತೆ ಇಟ್ಟರೆ ಕಲ್ಲು ಶಾಖವನ್ನು ಎಳೆದುಕೊಳ್ಳುತ್ತದೆ. ಮೇಲೆ ಫ್ಯಾನ್ ಹಾಕಿದರೆ ಇನ್ನೂ ಬೇಗ.

ರಾತ್ರಿಯಿಡೀ ಚಾರ್ಜಿಗಿಟ್ಟರೆ ‘ಓವರ್ ಚಾರ್ಜ್’ ಆಗಿ ಸಿಡಿಯುತ್ತದೆ ಎಂಬ ಭಯವೂ ವ್ಯಾಪಕ. ನೂರಕ್ಕೆ ಮುಟ್ಟಿದ ಮೇಲೆ ಫೋನೇ ಕರೆಂಟು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ತೊಂದರೆ ಇರುವುದು ದಿಂಬಿನಡಿ, ಕೌದಿಯ ಮಡಿಕೆಯಲ್ಲಿ ಇಟ್ಟು ಚಾರ್ಜ್ ಮಾಡುವುದರಲ್ಲಿ. ಬ್ಯಾಟರಿಗೆ ತುಂಬಿದ ಚಾರ್ಜು ಮತ್ತು ಬಿಸಿ ಎರಡೂ ಕೂಡಿದರೆ ಆಗದು. ತಜ್ಞರ ವಲಯದಲ್ಲಿ ಪ್ರಚಲಿತವಾದ ಲೆಕ್ಕದ ಪ್ರಕಾರ, ಪೂರ್ತಿ ತುಂಬಿಸಿದ ಲಿಥಿಯಂ ಅಯಾನ್ ಬ್ಯಾಟರಿಯನ್ನು 40 ಡಿಗ್ರಿಯಲ್ಲಿ ವರ್ಷವಿಟ್ಟರೆ ಸಾಮರ್ಥ್ಯ ಸುಮಾರು ಶೇ 65ಕ್ಕೆ ಇಳಿಯುತ್ತದೆ. ಶೇ 40 ಮಾತ್ರ ಚಾರ್ಜ್ ಇದ್ದರೆ ಸುಮಾರು ಶೇ 85 ಉಳಿಯುತ್ತದೆ. ಹೊಸ ಫೋನುಗಳಲ್ಲಿ ‘80ಕ್ಕೆ ನಿಲ್ಲಿಸು’ ಎಂಬ ಆಯ್ಕೆ ಇರುವುದು ಇದಕ್ಕೇ. ಬ್ಯಾಟರಿಯನ್ನು ಸೊನ್ನೆಗಿಳಿಸಿ ತುಂಬಬೇಕೆಂಬುದು ಹಳೆಯ ನಿಕಲ್ ಕ್ಯಾಡ್ಮಿಯಂ ಕಾಲದ ಮಾತು.

ಸಿಡಿತದ ಸುದ್ದಿಗಳ ಬಗ್ಗೆ ಒಂದಿಷ್ಟು ಎಚ್ಚರ ಬೇಕು. 2024ರ ನವೆಂಬರಿನಲ್ಲಿ ಇಳಕಲ್ಲಿನಲ್ಲಿ ಕೊರಿಯರ್‌ನಲ್ಲಿ ಬಂದ ಹೇರ್ ಡ್ರೈಯರ್ ಸ್ವಿಚ್ ಹಾಕಿದೊಡನೆ ಸಿಡಿದು ಮಹಿಳೆಯೊಬ್ಬರ ಕೈಗಳು ಛಿದ್ರವಾದವು. ಯಂತ್ರದ ದೋಷ, ಶಾರ್ಟ್ ಸರ್ಕ್ಯೂಟ್ ಎಂದೇ ಊರೂರಲ್ಲಿ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಪೊಲೀಸರು, ಅದರೊಳಗೆ ಕಲ್ಲು ಒಡೆಯಲು ಬಳಸುವ ಡಿಟೊನೇಟರ್ ಇಡಲಾಗಿತ್ತು, ಇದು ಕೊಲೆ ಸಂಚು ಎಂದು ಹೇಳಿ ಒಬ್ಬನನ್ನು ಬಂಧಿಸಿದರು. ಮೊದಲ ದಿನದ ವಾಟ್ಸ್‌ಆ್ಯಪ್ ಸಂದೇಶಗಳು ಮಾತ್ರ ಇನ್ನೂ ಓಡಾಡುತ್ತಲೇ ಇರಬಹುದು.

ಫೋನಿನ ಬ್ಯಾಟರಿಗೆ ಬೆಂಕಿ ಹೊತ್ತಿಕೊಂಡ ದೊಡ್ಡ ಪ್ರಕರಣ 2016ರ ಗ್ಯಾಲಕ್ಸಿ ನೋಟ್ 7. ಅಲ್ಲಿ ದೋಷ ಬಿಸಿಲಿನದ್ದಲ್ಲ, ಬಳಸಿದವರದ್ದೂ ಅಲ್ಲ. ಬ್ಯಾಟರಿಯ ಮೂಲೆಯಲ್ಲಿ ಎಲೆಕ್ಟ್ರೋಡ್ ಬಾಗಿತ್ತು, ಬದಲಿಯಾಗಿ ಕೊಟ್ಟ ಬ್ಯಾಟರಿಗಳಲ್ಲಿ ಬೆಸುಗೆಯ ಮೊನಚು ಉಳಿದಿತ್ತು ಎಂದು 2017ರ ಜನವರಿಯಲ್ಲಿ ಸ್ಯಾಮ್‌ಸಂಗ್ ವಿವರಿಸಿತು. ಗ್ರಾಹಕರು ತಾವೇ ತಡೆಯಬಹುದಾದ ಅಪಾಯವೆಂದರೆ ಸಂತೆಯಲ್ಲಿ ಸಿಗುವ ಡೂಪ್ಲಿಕೇಟ್ ಚಾರ್ಜರ್ ಮತ್ತು ಹೆಸರಿಲ್ಲದ ಬ್ಯಾಟರಿ. ಚಾರ್ಜರ್, ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯ. ಚಾರ್ಜರಿನ ಮೇಲೆ ಅಚ್ಚಾದ ‘ಆರ್’ನಿಂದ ಶುರುವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು.

ಒಂದು ಲಕ್ಷಣವನ್ನು ಮಾತ್ರ ಕಡೆಗಣಿಸಬಾರದು, ಅದು ಉಬ್ಬಿದ ಬ್ಯಾಟರಿ. ಪರದೆ ಅಂಚಿನಲ್ಲಿ ಎದ್ದಿದ್ದರೆ, ಮೇಜಿನ ಮೇಲೆ ಫೋನು ತೊಟ್ಟಿಲಂತೆ ತೂಗಿದರೆ ಒಳಗೆ ಅನಿಲ ತುಂಬಿದೆ ಎಂದೇ ಅರ್ಥ. ಒತ್ತಿ ಕೂರಿಸುವುದು, ಸೂಜಿಯಿಂದ ಚುಚ್ಚುವುದು ಬೆಂಕಿಗೆ ದಾರಿ. ಚಾರ್ಜ್ ಮಾಡದೆ, ಆಫ್ ಮಾಡಿ, ಹತ್ತಿ ನೂಲು ಬಟ್ಟೆಗಳಿಂದ ದೂರದಲ್ಲಿ ಕಲ್ಲಿನ ಮೇಲಿಟ್ಟು, ಸಾಧ್ಯವಾದಷ್ಟು ಬೇಗ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ತೆಗೆದ ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಅಲ್ಲೇ ಬಿಟ್ಟು ಬರಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದರ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.