ಊರಿನ ಬಸ್ಸೂ ಮನೆಯ ಹೊತ್ತೂ

ಮನೆಯ ಹೊತ್ತನ್ನು ಆಳುವವರು ಯಾರೆಂದು ಕೇಳಿದರೆ ಯಜಮಾನನೆಂದು ಕೆಲವರೂ, ಯಜಮಾನಿತಿಯೆಂದು ಹಲವರೂ ಹೇಳುವರು. ಸ್ವಂತ ವಾಹನವಿಲ್ಲದ ಮನೆಗಳಲ್ಲಿ ಮಾತ್ರ ಆ ಅಧಿಕಾರವು ಬೀದಿಯ ತುದಿಯಲ್ಲಿ ಬಂದು ನಿಲ್ಲುವ ಬಸ್ಸಿಗೆ ಸೇರಿದುದು. ಒಲೆ ಹೊತ್ತಿಸುವ ವೇಳೆ, ಮಕ್ಕಳನ್ನು ಎಬ್ಬಿಸುವ ವೇಳೆ, ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯುವ ವೇಳೆ, ಎಲ್ಲವೂ ಅದನ್ನನುಸರಿಸಿಯೇ ಗೊತ್ತಾಗುವುವು. ಬಸ್ಸು ಅರ್ಧ ಗಂಟೆ ತಡವಾದರೆ ನೌಕರನಿಗೆ ಮೇಲಧಿಕಾರಿಯ ಒಂದು ಮಾತು. ಕೂಲಿಗೆ ಹೋಗುವ ಹೆಂಗಸಿಗೆ ಅರ್ಧ ದಿನದ ಸಂಪಾದನೆ. ಊರಂಚಿನ ಬಡಾವಣೆಯಿಂದ ಕಾಲೇಜಿಗೆ ಹೋಗುವ ಹುಡುಗಿ ದಿನವೂ ಕತ್ತಲಾದ ಮೇಲೆ ಮನೆ ಸೇರುವಂತಾದರೆ ಅವಳ ಓದಿಗೇ ಕುತ್ತು. ಆದುದರಿಂದ ನಗರದ ಬಸ್ಸಿನ ಸುಧಾರಣೆಯು ಸರ್ಕಾರದ ಕಡತಕ್ಕೆ ಮಾತ್ರವೇ ಸೇರಿದ ವಿಷಯವಲ್ಲ. ಗೃಹಕೃತ್ಯಕ್ಕೂ ಸೇರಿದುದೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ನಿದರ್ಶನಕ್ಕೆ ಮೈಸೂರನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಮುಂದೆ ಇದು ಸಣ್ಣ ನಗರವೇ ಸರಿ. ಆದರೆ ಬಸ್ಸಿನ ವಿಷಯದಲ್ಲಿ ಇದರ ಅನುಭವ ಸಣ್ಣದಲ್ಲ. 1948ನೆಯ ಇಸವಿ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಕೆಲಸವನ್ನಾರಂಭಿಸಿತು. 1961ರಲ್ಲಿ ಆ ಕಾರ್ಯವು ನಿಗಮದ ವಶಕ್ಕೆ ಬಂದಿತು. 2012ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಮೈಸೂರಿನ ಸುಮಾರು 500 ಬಸ್ಸುಗಳು ಎಲ್ಲೆಲ್ಲಿವೆಯೆಂದು ಉಪಗ್ರಹದ ಮೂಲಕ ತಿಳಿದು, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುವುದೆಂಬುದನ್ನು ತಂಗುದಾಣದ ಫಲಕದಲ್ಲಿ ತೋರಿಸುವ ‘ಮಿತ್ರ’ ಎಂಬ ಏರ್ಪಾಡಾಯಿತು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆಯು ಜಾರಿಗೆ ಬಂದು, ರಾಜ್ಯದ ಹೆಂಗಸರಿಗೆ ಸಾಧಾರಣ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡು ಉಳಿಯಿತು. ಇವೆಲ್ಲವೂ ಮೆಚ್ಚತಕ್ಕ ಕೆಲಸಗಳೇ. ಆದರೆ ದುಡ್ಡು ಉಳಿದಂತೆ ಹೊತ್ತೂ ಉಳಿಯುವ ಉಪಾಯವಾವುದು?

‘ಬಸ್ಸುಗಳು ಸಾಲವು’ ಎಂಬುದೇ ನಮ್ಮೆಲ್ಲರ ಮೊದಲ ದೂರು. ಎಷ್ಟೋ ಕಡೆ ಅದು ನಿಜವೂ ಹೌದು. ಆದರೂ ಮನೆಯ ಲೆಕ್ಕ ಬರೆಯುವ ಗೃಹಸ್ಥರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಒಂದು ಮಾರ್ಗದಲ್ಲಿ ಹತ್ತು ಹತ್ತು ನಿಮಿಷಕ್ಕೆ ಒಂದರಂತೆ ಬಸ್ಸುಗಳು ಬರುತ್ತಿದ್ದರೆ, ಗಡಿಯಾರವನ್ನು ನೋಡದೆ ಹೊರಟವನು ಸರಾಸರಿ 5 ನಿಮಿಷ ಕಾಯುವನು. ಅಷ್ಟೇ ಬಸ್ಸುಗಳು ಜೋಡಿ ಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ ಅವನು ಕಾಯುವುದು 10 ನಿಮಿಷ! ಬಸ್ಸುಗಳು ಅವೇ, ಡೀಸೆಲ್ ಅಷ್ಟೇ, ಡ್ರೈವರು ಕಂಡಕ್ಟರುಗಳ ಸಂಬಳವೂ ಅಷ್ಟೇ. ಕಾಯುವ ಕಷ್ಟ ಮಾತ್ರ ಇಮ್ಮಡಿ.

ಬಸ್ಸುಗಳು ಹೀಗೆ ಜೊತೆಗೂಡುವುದೇಕೆ? ಚಾಲಕನ ಅಲಕ್ಷ್ಯವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. 1964ರಲ್ಲಿಯೇ ನ್ಯೂವೆಲ್ ಮತ್ತು ಪಾಟ್ಸ್ ಎಂಬ ವಿದ್ವಾಂಸರಿಬ್ಬರು ಇದನ್ನು ಗಣಿತದಿಂದ ವಿವರಿಸಿದ್ದಾರೆ. ಒಂದು ಬಸ್ಸು ಎರಡು ನಿಮಿಷ ತಡವಾಯಿತೆನ್ನಿ. ಮುಂದಿನ ನಿಲ್ದಾಣದಲ್ಲಿ ಅಷ್ಟರೊಳಗೆ ಇನ್ನೂ ನಾಲ್ವರು ಬಂದು ಸೇರುವರು. ಅವರನ್ನು ಹತ್ತಿಸಿಕೊಳ್ಳುವುದರಲ್ಲಿ ಅದು ಮತ್ತೂ ತಡವಾಗುವುದು. ಅದರ ಹಿಂದಿನ ಬಸ್ಸಿಗೆ ಜನರು ಕಡಿಮೆಯಾಗಿ ಅದು ಬೇಗಬೇಗನೆ ಸಾಗಿ ಮುಂದಿನದನ್ನು ಮುಟ್ಟುವುದು. ಮೊದಲನೆಯದರಲ್ಲಿ ಕಾಲಿಡಲು ಸ್ಥಳವಿಲ್ಲ. ಎರಡನೆಯದರಲ್ಲಿ ಆಸನಗಳು ಬರಿದು. ಇದಕ್ಕೆ ಮದ್ದು ತೀರ ದುಬಾರಿಯದಲ್ಲ. ಮಾರ್ಗದ ಕೊನೆಯಲ್ಲಿ ಕೆಲವು ನಿಮಿಷಗಳ ಬಿಡುವನ್ನು ವೇಳಾಪಟ್ಟಿಯಲ್ಲಿಯೇ ಇಟ್ಟಿರಬೇಕು. ನಡುವಣ ಒಂದೆರಡು ನಿಲ್ದಾಣಗಳಲ್ಲಿ ಅಂತರವನ್ನು ನೋಡಿ, ಮುಂದಾದುದನ್ನು ಕೊಂಚ ತಡೆದು ಬಿಡಬೇಕು. ಬಸ್ಸು ಎಲ್ಲಿದೆಯೆಂದು ತಿಳಿಸುವ ಯಂತ್ರದ ನಿಜವಾದ ಪ್ರಯೋಜನವು ಇಲ್ಲಿಯೇ ಇರುವುದು.

ಎರಡನೆಯ ಲೆಕ್ಕವೂ ಇಷ್ಟೇ ಸುಲಭ. ಹೋಗಿ ಬರಲು 60 ನಿಮಿಷ ಹಿಡಿಯುವ ಮಾರ್ಗದಲ್ಲಿ 10 ನಿಮಿಷಕ್ಕೊಂದು ಬಸ್ಸು ಬೇಕಾದರೆ 6 ಬಸ್ಸು ಸಾಕು. ವಾಹನಗಳ ಇಕ್ಕಟ್ಟಿನಿಂದ ಅದೇ ದಾರಿಗೆ 80 ನಿಮಿಷವಾದರೆ 8 ಬೇಕು. ಎಂದರೆ, ಬಸ್ಸಿನ ದಾರಿಯನ್ನು ಬಿಡಿಸಿಕೊಟ್ಟರೆ ಎರಡು ಬಸ್ಸುಗಳನ್ನು ಪುಕ್ಕಟೆಯಾಗಿ ಪಡೆದಂತೆ. ನಮ್ಮ ರಾಜ್ಯದಲ್ಲಿಯೇ, ಸುಮಾರು 22 ಕಿಲೋಮೀಟರ್ ಉದ್ದದ ಹುಬ್ಬಳ್ಳಿ–ಧಾರವಾಡ ಮಾರ್ಗದಲ್ಲಿ, ಈ ತತ್ತ್ವವನ್ನು ಅನುಸರಿಸಿ ‘ಚಿಗರಿ’ ಬಸ್ಸುಗಳನ್ನು ನಡೆಸಿದರು. 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ಏರ್ಪಾಡಿನಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥ, ಹತ್ತುವ ಮೊದಲೇ ಟಿಕೆಟ್ಟು, ಬಸ್ಸಿನ ನೆಲಕ್ಕೆ ಸಮನಾದ ಜಗಲಿ. ಎಲ್ಲ ಊರುಗಳಿಗೂ ಅಂತಹ ವಿಶಾಲವಾದ ರಸ್ತೆಯಿಲ್ಲ. ಆದರೂ ದಟ್ಟಣೆಯ ನಾಲ್ಕು ವೃತ್ತಗಳಲ್ಲಿ ಬಸ್ಸಿಗೆ ಮೊದಲು ದಾರಿ ಕೊಡುವುದೂ, ನಿಲ್ದಾಣದ ಮುಂದೆ ಬೇರೆ ವಾಹನ ನಿಲ್ಲದಂತೆ ನೋಡಿಕೊಳ್ಳುವುದೂ ಯಾವ ಊರಿಗೂ ಅಸಾಧ್ಯವಲ್ಲ.

ಇನ್ನು ಮಾರ್ಗಗಳ ವಿಚಾರ. ಮೈಸೂರಿನ ಹೆಚ್ಚಿನ ನಗರ ಮಾರ್ಗಗಳು ಅರಮನೆಯ ಬಳಿಯ ನಿಲ್ದಾಣದಿಂದ ಚಕ್ರದ ಅರಗಳಂತೆ ಹರಡಿವೆ. ಪೇಟೆಯೊಂದೇ ಊರಿನ ಹೃದಯವಾಗಿದ್ದ ಕಾಲಕ್ಕೆ ಇದು ಒಪ್ಪಿತ್ತು. ಈಗ ಕಾರ್ಖಾನೆಗಳೂ ಕಾಲೇಜುಗಳೂ ಬಡಾವಣೆಗಳೂ ಸುತ್ತಲೂ ಬೆಳೆದಿವೆ. ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಹೋಗುವವನು ನಡುವೂರಿಗೆ ಬಂದು ಬಸ್ಸು ಬದಲಾಯಿಸಿದರೆ ಅವನಿಗೆ ದಾರಿಯೂ ಸುತ್ತು, ಕಾಯುವುದೂ ಎರಡು ಸಲ. ಸುತ್ತು ರಸ್ತೆಯಲ್ಲಿ ತಪ್ಪದೆ ಓಡುವ ಕೆಲವು ಬಸ್ಸುಗಳು ಈ ಶ್ರಮವನ್ನು ಬಹುಮಟ್ಟಿಗೆ ತಗ್ಗಿಸಬಲ್ಲವು.

ಇಷ್ಟನ್ನು ಮಾಡದೆ ಬಿಟ್ಟರೆ ಆಗುವುದೇನು? ಕಾದು ಬೇಸತ್ತ ಗೃಹಸ್ಥನು ಸಾಲ ಮಾಡಿ ಸ್ಕೂಟರು ಕೊಳ್ಳುವನು. ರಸ್ತೆ ಮತ್ತಷ್ಟು ಕಿಕ್ಕಿರಿಯುವುದು. ಬಸ್ಸು ಮತ್ತಷ್ಟು ತಡವಾಗುವುದು. ಮರುವರ್ಷ ಅವನ ನೆರೆಯವನೂ ಸ್ಕೂಟರು ಕೊಳ್ಳುವನು. ಕೊನೆಗೆ ಬಸ್ಸನ್ನು ಕಾಯುತ್ತ ಉಳಿಯುವವರು ಬೇರೆ ಗತಿಯಿಲ್ಲದ ಬಡವರೂ ಮುದುಕರೂ ಮಕ್ಕಳೂ ಮಾತ್ರ. ಅವರ ದೂರಿಗೆ ಕಿವಿಗೊಡುವವರು ಆಗ ಇನ್ನೂ ವಿರಳರಾಗುವರು.

ಆದುದರಿಂದ ನಮ್ಮ ಪಾಲಿನ ಕರ್ತವ್ಯವೂ ಉಂಟು. ಇಳಿಯುವವರಿಗೆ ಮೊದಲು ಎಡೆಗೊಡುವುದು, ಚಿಲ್ಲರೆಯನ್ನು ಕೈಯಲ್ಲಿ ಹಿಡಿದಿರುವುದು, ನಮ್ಮ ವಾಹನವನ್ನು ನಿಲ್ದಾಣದ ಮುಂದೆ ನಿಲ್ಲಿಸದಿರುವುದು, ಇವು ಸಣ್ಣವಾಗಿ ಕಂಡರೂ ಒಂದೊಂದೂ ಅರ್ಧ ನಿಮಿಷವನ್ನು ಉಳಿಸುವುವು. ದೂರು ಹೇಳುವಾಗಲೂ ‘ಬಸ್ಸೇ ಬರುವುದಿಲ್ಲ’ ಎಂದು ಗೊಣಗುವ ಬದಲು, ಬೀದಿಯವರು ಒಂದು ವಾರ ಬಸ್ಸಿನ ಸಂಖ್ಯೆಯನ್ನೂ ಬಂದ ವೇಳೆಯನ್ನೂ ಬರೆದಿಟ್ಟು ಅಧಿಕಾರಿಗಳಿಗೆ ಕೊಡಲಿ. ಹಾಲಿನ ಲೆಕ್ಕವನ್ನು ತಪ್ಪದೆ ಬರೆಯುವ ನಮ್ಮ ಗೃಹಿಣಿಯರಿಗೆ ಇದೇನೂ ಕಷ್ಟದ ಕೆಲಸವಲ್ಲ. ಕಳೆದ ಹಣವನ್ನು ಮರಳಿ ಗಳಿಸಬಹುದು. ನಿಲ್ದಾಣದಲ್ಲಿ ಕಳೆದ ಹೊತ್ತು ಮರಳಿ ಬಾರದು. ಅದರ ಲೆಕ್ಕವನ್ನು ಕೇಳುವ ಹಕ್ಕು ನಮಗಿದೆ. ಮೊದಲು ಆ ಲೆಕ್ಕವನ್ನು ಬರೆದಿಡೋಣ.