ಪೂರಿಮ್ ಹಬ್ಬದ ಮುಮ್ಮೂಲೆ ಪೆಟ್ಟಿಗೆ

ಯೆಹೂದ್ಯರ ಹಬ್ಬಗಳೊಳಗೆ ಮಕ್ಕಳ ಗದ್ದಲ ಅತ್ಯಧಿಕವಾಗಿರುವುದು ಪೂರಿಮ್ ಹಬ್ಬದಲ್ಲಿ. ಪುರಾತನ ಪಾರಸಿಕ ಸಾಮ್ರಾಜ್ಯದಲ್ಲಿ ಹಾಮಾನನೆಂಬ ಮಂತ್ರಿಯು ಚೀಟಿ ಹಾಕಿ ದಿನ ಗೊತ್ತುಮಾಡಿ, ಯೆಹೂದ್ಯ ಜನಾಂಗವನ್ನೇ ನಿರ್ಮೂಲಗೊಳಿಸಲು ಹೂಡಿದ್ದ ಸಂಚನ್ನು ರಾಣಿ ಎಸ್ತೇರಳೂ ಆಕೆಯ ಬಂಧುವಾದ ಮೊರ್ದೆಕೈಯೂ ಮುರಿದ ಕಥೆಯೇ ಈ ಹಬ್ಬದ ಮೂಲ. ಪೂರ್ ಎಂಬ ಪದಕ್ಕೆ ಚೀಟಿಯೆಂದೇ ಅರ್ಥ. ಈ ಕಥೆಯ ಮೊದಲನೆಯ ವಾಕ್ಯದಲ್ಲಿಯೇ ನಮ್ಮ ದೇಶದ ಹೆಸರು ಬಂದಿರುವುದನ್ನು ನಮ್ಮಲ್ಲಿ ಬಲ್ಲವರು ವಿರಳ: ಅಹಷ್ವೇರೋಷ ರಾಜನು ಹೋದ್ದು, ಎಂದರೆ ಹಿಂದೂದೇಶ, ಮೊದಲ್ಗೊಂಡು ಕೂಷ್ ದೇಶದವರೆಗೆ 127 ಪ್ರಾಂತಗಳನ್ನು ಆಳುತ್ತಿದ್ದನಂತೆ.

ಒಬ್ಬರಿಗೊಬ್ಬರು ತಿನಿಸುಗಳನ್ನು ಕಳುಹಿಸಬೇಕು, ಬಡವರಿಗೆ ದಾನ ಮಾಡಬೇಕು ಎಂಬ ವಿಧಿ ಈ ಕಥೆಯನ್ನು ಹೇಳುವ ಎಸ್ತೇರಳ ಗ್ರಂಥದ 9ನೆಯ ಅಧ್ಯಾಯದಲ್ಲಿದೆ. ಮೊದಲನೆಯದಕ್ಕೆ ಹೀಬ್ರೂ ಭಾಷೆಯಲ್ಲಿ ಮಿಶ್ಲೋಅಖ್ ಮಾನೋತ್ ಎಂದು ಹೆಸರು. ಕನಿಷ್ಠಪಕ್ಷ ಒಬ್ಬರಿಗಾದರೂ, ಎರಡು ಬಗೆಯ, ಮರಳಿ ಒಲೆಯ ಮೇಲಿಡದೆ ತಿನ್ನಬಹುದಾದ ಪದಾರ್ಥಗಳು ಅದಾರ್ ಮಾಸದ 14ರ ಹಗಲಿನಲ್ಲಿ ತಲುಪತಕ್ಕದ್ದೆಂದು ಶಾಸ್ತ್ರಜ್ಞರು ನಿಷ್ಕರ್ಷಿಸಿರುವರು. ತಿನಿಸಿನ ವಿಷಯದಲ್ಲಿ ಇಷ್ಟು ಬಿಗಿಯಾದ ಶಾಸ್ತ್ರವು ಅದನ್ನು ಹೊತ್ತೊಯ್ಯುವ ಪಾತ್ರೆ ಬೆಳ್ಳಿಯದೋ ರಟ್ಟಿನದೋ ಎಂಬುದನ್ನು ಮನೆಯವರ ಇಚ್ಛೆಗೆ ಬಿಟ್ಟಿರುವುದರಿಂದ, ಅನೇಕ ಮನೆಗಳಲ್ಲಿ ಆ ಅಧಿಕಾರ ಮಕ್ಕಳ ಕೈಗೆ ಸೇರಿದೆ.

ಪಾದರಕ್ಷೆಯ ಡಬ್ಬಿಗೆ ಬಣ್ಣದ ಕಾಗದ ಸುತ್ತುವುದು, ಕಾಗದದ ತಟ್ಟೆಗೆ ಅರ್ಧ ತಟ್ಟೆಯನ್ನು ಹೊಲಿದು ಜೇಬಿನಂತೆ ಮಾಡುವುದು ಮೊದಲಾದ ಬಗೆಗಳು ಹಲವು. ನನಗೆ ಹಿಡಿಸಿದುದು ಮುಮ್ಮೂಲೆಯ ಪೆಟ್ಟಿಗೆ. ಊಟದ ತಟ್ಟೆಯನ್ನು ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಬೋರಲು ಹಾಕಿ, ಸುತ್ತಲೂ ಗೆರೆ ಎಳೆದು ಕತ್ತರಿಸಬೇಕು. ಆ ವೃತ್ತವನ್ನು ಎರಡು ಸಲ ಅಡ್ಡಡ್ಡವಾಗಿ ಮಡಿಸಿ ಬಿಚ್ಚಿದರೆ ನಡುವಿನ ಬಿಂದು ಸಿಕ್ಕುತ್ತದೆ. ಈಗ ಅಂಚನ್ನು ಆ ಬಿಂದುವಿಗೆ ತಾಗುವಂತೆ ಮಡಿಸಿ, ಆ ಮಡಿಕೆ ಮುಗಿದೆಡೆಯಿಂದಲೇ ಎರಡನೆಯದನ್ನು ತೆಗೆದರೆ, ಮೂರನೆಯದು ತಾನಾಗಿಯೇ ಒದಗಿ, ಅಳತೆಪಟ್ಟಿಯನ್ನು ಮುಟ್ಟದ ಮಗುವಿನ ಕೈಯಲ್ಲಿ ಸಮಬಾಹು ತ್ರಿಭುಜವೊಂದು ಮೂಡಿರುತ್ತದೆ. ನಾನೇ ಮಡಿಸಿ ನೋಡಿದೆನು. ಶಾಲೆಯಲ್ಲಿ ರೇಖಾಗಣಿತದ ಮೇಷ್ಟರಿಂದ ಏಟು ತಿಂದೂ ಕಲಿಯದುದನ್ನು ಆ ಹಾಳೆ ಐದು ನಿಮಿಷದಲ್ಲಿ ಕಲಿಸಿತು. ಮೂರು ಅಂಚುಗಳನ್ನು ಅರ್ಧಕ್ಕೆ ನಿಲ್ಲಿಸಿ, ಮೂಲೆಗಳನ್ನು ಚಿವುಟಿ ಒಂದೊಂದು ಸ್ಟೇಪ್ಲರ್ ಪಿನ್ನು ಒತ್ತಿದರೆ ಪೆಟ್ಟಿಗೆ ಸಿದ್ಧ.

ಈ ಆಕಾರಕ್ಕೆ ಕಾರಣವುಂಟು. ಪೂರಿಮ್ ಹಬ್ಬದ ಹೆಸರಾಂತ ಭಕ್ಷ್ಯವಾದ ಹಾಮಂತಾಶ್ ತಯಾರಾಗುವುದೂ ಹೀಗೆಯೇ: ದುಂಡಗೆ ಕತ್ತರಿಸಿದ ಹಿಟ್ಟಿನ ನಡುವೆ ಗಸಗಸೆಯ ಹೂರಣವನ್ನಿಟ್ಟು, ಅಂಚೆತ್ತಿ, ಮೂರು ಮೂಲೆ ಚಿವುಟಿ ಬೇಯಿಸುವರು. ತಾಶ್ ಎಂದರೆ ಜೇಬು. ಹೀಬ್ರೂ ಮಾತಿನವರು ಅದನ್ನೇ ಹಾಮಾನನ ಕಿವಿಗಳೆಂದು ಕರೆದು ಕಚ್ಚಿ ತಿನ್ನುವರು. ಅಡಿಗೆಮನೆಯಲ್ಲಿ ಹಿಟ್ಟು ಚಿವುಟಿದ ಬೆರಳುಗಳೇ ನಡುಮನೆಯಲ್ಲಿ ಕಾಗದ ಚಿವುಟುವುದರಿಂದ, ಮಗುವಿಗೆ ಹೊಸದಾಗಿ ಏನನ್ನೂ ಹೇಳಿಕೊಡಬೇಕಾದುದಿಲ್ಲ. ಒಳಗೆ ಮೇಣದ ಕಾಗದ ಹಾಸುವುದೊಂದನ್ನು ಮಾತ್ರ ಹಿರಿಯರು ನೆನಪಿಸಬೇಕು. ಇಲ್ಲವಾದರೆ ಜಿಡ್ಡು ಇಳಿದು, ತಳದಲ್ಲಿ ಬರೆದ ರಾಣಿಯ ಕಿರೀಟ ಹಬ್ಬಕ್ಕೆ ಮುನ್ನವೇ ಕರಗೀತು.

ಪೆಟ್ಟಿಗೆಯನ್ನು ಒಯ್ಯುವವರೂ ಬಹುಮಟ್ಟಿಗೆ ಮಕ್ಕಳೇ. ಮಿಶ್ಲೋಅಖ್ ಎಂಬ ಮಾತಿನಲ್ಲಿಯೇ ಕಳುಹಿಸುವುದೆಂಬ ಅರ್ಥ ಅಡಗಿರುವುದರಿಂದ, ತಾನೇ ಹೋಗಿ ಕೊಡುವುದಕ್ಕಿಂತ ದೂತನ ಮೂಲಕ ಮುಟ್ಟಿಸುವುದು ಲೇಸೆಂದು ಕೆಲವರ ಮತ. ಆದಕಾರಣ ರಾಜ, ರಾಣಿ, ವಿದೂಷಕರ ವೇಷ ತೊಟ್ಟ ದೂತರು, ಅರ್ಧ ದಾರಿಯಲ್ಲಿಯೇ ಗಡ್ಡ ಕಳಚಿ ಬೀಳುತ್ತಿದ್ದರೂ ಲೆಕ್ಕಿಸದೆ, ನೆರೆಹೊರೆಯ ಕದ ತಟ್ಟುತ್ತ ತಿನಿಸು ಬೀರಿ ಬರುವರು.

ಈಚೆಗೆ ಇಸ್ರೇಲಿನಲ್ಲಿಯೂ ಅಮೆರಿಕದಲ್ಲಿಯೂ ಹೊಳೆಯುವ ಪಾರದರ್ಶಕ ಹಾಳೆ ಸುತ್ತಿದ ಸಿದ್ಧ ಬುಟ್ಟಿಗಳು ಅಂಗಡಿಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಅವು ನೋಟಕ್ಕೆ ಚೆಲುವಾದರೂ ಬೆಲೆ ದುಬಾರಿ. 12ನೆಯ ಶತಮಾನದ ಮಹಾಪಂಡಿತ ಮೈಮೊನಿಡೀಸನು, ಔತಣವನ್ನೂ ಗೆಳೆಯರಿಗೆ ಕಳುಹಿಸುವ ತಿನಿಸನ್ನೂ ಹೆಚ್ಚಿಸುವುದಕ್ಕಿಂತ ಬಡವರಿಗೆ ಕೊಡುವುದನ್ನು ಹೆಚ್ಚಿಸುವುದೇ ಶ್ರೇಷ್ಠವೆಂದು ತೀರ್ಮಾನಿಸಿರುವನು. ಪೂರಿಮ್ ದಿನ ಕಡೆಯ ಪಕ್ಷ ಇಬ್ಬರು ಬಡವರಿಗೆ ದಾನ ಸಲ್ಲಲೇಬೇಕು. ಒಂದು ಹಾಳೆ ಕಾಗದ, ಮೂರು ಪಿನ್ನುಗಳಲ್ಲಿ ಪೆಟ್ಟಿಗೆ ಮುಗಿಸಿದ ಮನೆಯವರಿಗೆ ಅದು ಭಾರವಾಗದು.